ಒಬ್ಬನೇ ಸ್ಟಾರ್ ಇದ್ದಾಗ ಗೆದ್ದರು, ನಾಲ್ವರಿದ್ದಾಗ ಸೋತರು!



ಮುಂಬೈಯಲ್ಲಿರುವ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. 2019ರ ಅಕ್ಟೋಬರ್ 4 ಮತ್ತು 5ರಂದು ವರ್ಲಿಯ ಎನ್‌ಎಸ್‌ಸಿಐ ಡೋಮ್‌ಗೆ ಅಮೆರಿಕದ ಎರಡು ವೃತ್ತಿಪರ ಬಾಸ್ಕೆಟ್‌ಬಾಲ್ ತಂಡಗಳು ಬಂದಿದ್ದವು. ಎನ್‌ಬಿಎ ತಂಡಗಳು ನಮ್ಮ ದೇಶದಲ್ಲಿ ಪಂದ್ಯ ಆಡಿದ್ದು ಅದೇ ಮೊದಲು. ಮೊದಲ ದಿನ ಗ್ಯಾಲರಿ ತುಂಬಾ ಶಾಲಾ ಮಕ್ಕಳು! ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು ಸಮ ಸಮವಾಗಿ ನಿಂತು, ಆಟ ಹೆಚ್ಚುವರಿ ಸಮಯಕ್ಕೆ ಹೋಗಿ, ಕೊನೆಗೆ ಪೇಸರ್ಸ್ 132-131ರಿಂದ ಗೆದ್ದಿತು. ಒಂದೇ ಒಂದು ಪಾಯಿಂಟ್!

ಮಕ್ಕಳು ಆ ದಿನ ಕುಣಿದಾಡಿದರು. ಆದರೆ ಪೇಸರ್ಸ್ ಎಂಬ ಹೆಸರು ಕೇಳಿದರೆ ಹಳೆಯ ಅಭಿಮಾನಿಗಳಿಗೆ ಬೇರೆಯೇ ಒಂದು ವರ್ಷ ನೆನಪಾಗುತ್ತದೆ. ಅದು 2004. ಆ ವರ್ಷ ಪೇಸರ್ಸ್ ತಂಡದ ಪಟ್ಟಿ ನೋಡಿದವರೆಲ್ಲ "ಈ ಸಲ ಇವರದೇ" ಅಂದಿದ್ದರು. ಆದದ್ದು ಬೇರೆ. ಯಾರಿಗೂ ಬೇಡವಾದ ಐದು ಮಂದಿಯನ್ನು ಕಟ್ಟಿಕೊಂಡ ಡೆಟ್ರಾಯಿಟ್ ಪಿಸ್ಟನ್ಸ್ ಅವರನ್ನು ದಾಟಿ ಮುಂದೆ ಹೋಯಿತು.

ಈ ಸಲ ನಿಮಗೆ ಹೇಳಹೊರಟಿರುವುದು ಆ ಕಥೆಯನ್ನೇ. ನಿಮಗೆ ಬಾಸ್ಕೆಟ್‌ಬಾಲ್ ಗೊತ್ತಿಲ್ಲವೇ? ಚಿಂತೆ ಬೇಡ. ಬಯೋಡೇಟಾ ಹಿಡಿದುಕೊಂಡು ಊರು ಬಿಟ್ಟು ದೊಡ್ಡ ನಗರಕ್ಕೆ ಬಂದವರು ತಾನೇ ನಾವೆಲ್ಲ? ಕಾಗದದ ಮೇಲೆ ತೂಗಿಸಿಕೊಳ್ಳುವುದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆ ಗೆದ್ದು ಮಾರು ಗೆಲ್ಲು

ಮೊದಲು ಸ್ವಲ್ಪ ಲೆಕ್ಕಾಚಾರ. 2003-04ರಲ್ಲಿ ಎನ್‌ಬಿಎಯಲ್ಲಿ 29 ತಂಡಗಳಿದ್ದವು. ಅವನ್ನು ಪೂರ್ವ, ಪಶ್ಚಿಮ ಎಂದು ಎರಡು ಕಾನ್ಫರೆನ್ಸ್‌ಗಳಾಗಿ ಹಂಚಲಾಗಿತ್ತು. ಪೂರ್ವದಲ್ಲಿ 15, ಪಶ್ಚಿಮದಲ್ಲಿ 14. ಪ್ರತಿ ತಂಡಕ್ಕೂ 82 ಪಂದ್ಯಗಳು. ಅದಾದ ಮೇಲೆ ಎರಡೂ ಕಡೆಯಿಂದ ಎಂಟೆಂಟು ತಂಡಗಳು ಪ್ಲೇಆಫ್‌ಗೆ. ಅಲ್ಲಿ ಒಂದೊಂದು ಸುತ್ತೂ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ.

ಫೈನಲ್ ನಡೆಯುವುದು ಪೂರ್ವದ ವಿಜೇತರಿಗೂ ಪಶ್ಚಿಮದ ವಿಜೇತರಿಗೂ. ಅಂದರೆ ಜಗತ್ತಿಗೆ ಚಾಂಪಿಯನ್ ಆಗುವ ಮೊದಲು ಪಕ್ಕದ ಮನೆಯವರನ್ನು ಸೋಲಿಸಬೇಕು. ನಮ್ಮ ಹಿರಿಯರು ಹೇಳಿಲ್ಲವೇ, ಮನೆ ಗೆದ್ದು ಮಾರು ಗೆಲ್ಲು ಅಂತ! ಹಾಗಾಗಿ ಎನ್‌ಬಿಎ ಅಭಿಮಾನಿಗಳು ತಮ್ಮ ತಂಡದ ಪಟ್ಟಿಯನ್ನು ಮೊದಲು ಹೋಲಿಸುವುದು ತಮ್ಮದೇ ಕಾನ್ಫರೆನ್ಸ್‌ನ ಎದುರಾಳಿಗಳ ಜೊತೆ.

ಅಂಗಳದಲ್ಲಿ ಒಮ್ಮೆಗೆ ಐದು ಮಂದಿ. ಚೆಂಡನ್ನು ಮುಂದೆ ತಂದು ಆಟ ಕಟ್ಟುವವರು ಪಾಯಿಂಟ್ ಗಾರ್ಡ್. ದೂರದಿಂದ ಬುಟ್ಟಿಗೆ ಹಾಕುವವರು ಶೂಟಿಂಗ್ ಗಾರ್ಡ್. ಆಮೇಲೆ ಇಬ್ಬರು ಫಾರ್ವರ್ಡ್‌ಗಳು. ಬುಟ್ಟಿಯ ಕೆಳಗೆ ಕಾವಲು ನಿಲ್ಲುವ ಎತ್ತರದ ಆಳು ಸೆಂಟರ್. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ಅಂದ ಹಾಗೆ ಇನ್ನೊಂದು ಸಂಗತಿ. ಪಿಸ್ಟನ್ಸ್ ಎಂಬ ಹೆಸರು ಕೇಳಿ, ಕಾರುಗಳ ಊರು ಡೆಟ್ರಾಯಿಟ್ ಅಲ್ಲವೇ, ಅದಕ್ಕೇ ಈ ಹೆಸರು ಅಂತ ಅಂದುಕೊಂಡಿರಾ? ಹಾಗಲ್ಲ. ಈ ತಂಡ ಹುಟ್ಟಿದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಎಂಬ ಊರಿನಲ್ಲಿ. ಫ್ರೆಡ್ ಜಾಲ್ನರ್ ಎಂಬ ಯಜಮಾನರಿಗೆ ಅಲ್ಲಿ ಪಿಸ್ಟನ್ ಮಾಡುವ ಕಾರ್ಖಾನೆಯಿತ್ತು. ಕಾರ್ಖಾನೆಯ ತಂಡವೇ ಬೆಳೆದು 1957ರಲ್ಲಿ ಡೆಟ್ರಾಯಿಟ್‌ಗೆ ವಲಸೆ ಹೋಯಿತು. ಹತ್ತು ವರ್ಷ ಕಳೆದು 1967ರಲ್ಲಿ ಅದೇ ಇಂಡಿಯಾನಾದಲ್ಲಿ ಪೇಸರ್ಸ್ ಹುಟ್ಟಿತು. ನೋಡಿ, ಊರು ಬಿಟ್ಟು ಹೋದವರಿಗೂ ಊರಲ್ಲಿ ಉಳಿದವರಿಗೂ ಪೈಪೋಟಿ!

ಪಟ್ಟಿ ಏನು ಹೇಳುತ್ತಿತ್ತು?

ಈಗ 2004ರ ಫೆಬ್ರವರಿಗೆ ಹೋಗೋಣ. ಪ್ರತಿ ವರ್ಷ ಸೀಸನ್‌ನ ನಡುವೆ ಆಲ್‌ಸ್ಟಾರ್ ಪಂದ್ಯ ಎಂಬ ಹಬ್ಬ ನಡೆಯುತ್ತದೆ. ಆ ವರ್ಷ ಪ್ರತಿ ಕಾನ್ಫರೆನ್ಸ್‌ನಿಂದ 12 ಮಂದಿ ಆಯ್ಕೆಯಾದರು. ಐವರನ್ನು ಅಭಿಮಾನಿಗಳು ಮತ ಹಾಕಿ ಆರಿಸಿದರೆ, ಉಳಿದ ಏಳು ಮಂದಿಯನ್ನು ಆರಿಸಿದವರು ಕೋಚ್‌ಗಳು. ಯಾರು ದೊಡ್ಡವರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಬೇಕೇ?

ಪೂರ್ವದ ಪಟ್ಟಿಯಲ್ಲಿ ಇಂಡಿಯಾನಾದ ಇಬ್ಬರಿದ್ದರು: ಜರ್ಮೇನ್ ಒನೀಲ್ ಮತ್ತು ರಾನ್ ಆರ್ಟೆಸ್ಟ್. ನ್ಯೂಜೆರ್ಸಿ ನೆಟ್ಸ್‌ನ ಇಬ್ಬರಿದ್ದರು: ಜೇಸನ್ ಕಿಡ್ ಮತ್ತು ಕೆನ್ಯನ್ ಮಾರ್ಟಿನ್. ನ್ಯೂ ಆರ್ಲಿಯನ್ಸ್ ಹಾರ್ನೆಟ್ಸ್‌ನವರೂ ಇಬ್ಬರು. ಡೆಟ್ರಾಯಿಟ್‌ನಿಂದ? ಒಬ್ಬನೇ ಒಬ್ಬ. ಬೆನ್ ವಾಲೇಸ್. ಅವರೂ ಅಂಕ ಗಳಿಸುವವರಲ್ಲ. ಆ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ ಹತ್ತು ಪಾಯಿಂಟ್ ಕೂಡ ಅವರ ಖಾತೆಗೆ ಬರಲಿಲ್ಲ.

ಪೇಸರ್ಸ್ ಆ ವರ್ಷ 82ರಲ್ಲಿ 61 ಪಂದ್ಯ ಗೆದ್ದಿತು. ಇಡೀ ಎನ್‌ಬಿಎಯಲ್ಲೇ ಅದು ಅತಿ ಹೆಚ್ಚು. ಒನೀಲ್ ಪಂದ್ಯಕ್ಕೆ 20 ಪಾಯಿಂಟ್, 10 ರಿಬೌಂಡ್ ಸರಾಸರಿಯಲ್ಲಿ ಆಡಿ, ವರ್ಷದ ಅತ್ಯುತ್ತಮ ಆಟಗಾರನ ಮತದಾನದಲ್ಲಿ ಮೂರನೆಯವರಾದರು. ಆರ್ಟೆಸ್ಟ್ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ. ಹಿಂದಿನ ಎರಡು ವರ್ಷ ಆ ಪ್ರಶಸ್ತಿ ಬೆನ್ ವಾಲೇಸ್ ಅವರದಾಗಿತ್ತು ಎಂಬುದು ನಿಮ್ಮ ಗಮನದಲ್ಲಿರಲಿ! ಇನ್ನು ರೆಜಿ ಮಿಲ್ಲರ್. ವಯಸ್ಸು 38. ವೃತ್ತಿ ಜೀವನವಿಡೀ ಒಂದೇ ತಂಡಕ್ಕೆ ಆಡಿದ ದೂರದ ಹೊಡೆತಗಾರ. ಕೈಗೆ ಇನ್ನೂ ಚಾಂಪಿಯನ್ ಉಂಗುರ ಬಂದಿರಲಿಲ್ಲ.

ನೆಟ್ಸ್ ಗೆದ್ದದ್ದು 47 ಪಂದ್ಯ. ಆದರೆ ಅದು 2002 ಮತ್ತು 2003ರಲ್ಲಿ ಸತತವಾಗಿ ಪೂರ್ವವನ್ನು ಗೆದ್ದ ತಂಡ. 2003ರಲ್ಲಂತೂ ಇದೇ ಪಿಸ್ಟನ್ಸ್ ತಂಡವನ್ನು 4-0ಯಿಂದ ಗುಡಿಸಿ ಹಾಕಿತ್ತು. ಕಿಡ್ ಆ ಕಾಲದ ದೊಡ್ಡ ಪಾಯಿಂಟ್ ಗಾರ್ಡ್‌ಗಳಲ್ಲಿ ಒಬ್ಬರು. ಪಕ್ಕದಲ್ಲಿ ಓಡಿ ಹಾರುವ ರಿಚರ್ಡ್ ಜೆಫರ್ಸನ್.

ಪಿಸ್ಟನ್ಸ್ ಗೆದ್ದದ್ದು 54. ಒಳ್ಳೆಯ ಸಂಖ್ಯೆಯೇ. ಆದರೆ ಒಬ್ಬೊಬ್ಬರನ್ನೇ ಎದುರು ಬದುರು ನಿಲ್ಲಿಸಿ ನೋಡಿ. ಬಿಲಪ್ಸ್ ಎದುರು ಕಿಡ್. ಪ್ರಿನ್ಸ್ ಎದುರು ಆರ್ಟೆಸ್ಟ್. ಹೆಸರಿನ ಭಾರದಲ್ಲಿ ತಕ್ಕಡಿ ಯಾವ ಕಡೆ ವಾಲುತ್ತಿತ್ತು ಅಂತ ಹೇಳಬೇಕಾಗಿಲ್ಲ.

ಬೇಡವಾದವರ ಮೆರವಣಿಗೆ

ಈ ಪಿಸ್ಟನ್ಸ್ ಐವರು ಎಲ್ಲಿಂದ ಬಂದರು? ಅದನ್ನು ಕೇಳಿದರೆ ನಿಮಗೂ ಆಶ್ಚರ್ಯವಾಗುತ್ತದೆ.

ಬೆನ್ ವಾಲೇಸ್ ಅಲಬಾಮಾದ ವೈಟ್ ಹಾಲ್ ಎಂಬ ಪುಟ್ಟ ಊರಿನವರು. ಮನೆಯಲ್ಲಿ 11 ಮಕ್ಕಳು, ಇವರು ಹತ್ತನೆಯವರು. 1996ರಲ್ಲಿ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಇವರ ಹೆಸರನ್ನು ಒಬ್ಬರೂ ಕೂಗಲಿಲ್ಲ. ಸೆಂಟರ್‌ಗೆ ಇಷ್ಟು ಎತ್ತರ ಸಾಲದು ಎಂಬುದು ಒಂದು ಕಾರಣ. ಹೇಗೋ ಒಳಗೆ ಬಂದರು. 2000ದಲ್ಲಿ ಡೆಟ್ರಾಯಿಟ್‌ನ ಮಹಾ ಸ್ಟಾರ್ ಗ್ರಾಂಟ್ ಹಿಲ್ ಆರ್ಲ್ಯಾಂಡೊಗೆ ಹೊರಟು ನಿಂತಾಗ, ಬದಲಿಗೆ ಬಂದ ಇಬ್ಬರಲ್ಲಿ ವಾಲೇಸ್ ಒಬ್ಬರು. ಊರಿನ ಜನ ಸ್ಟಾರ್ ಹೋದ ಎಂದು ಮರುಗಿದರೇ ಹೊರತು ಬಂದವನ ಕಡೆ ತಿರುಗಿಯೂ ನೋಡಲಿಲ್ಲ.

ಚಾನ್ಸಿ ಬಿಲಪ್ಸ್ ಕಥೆ ಇದರ ತಿರುಗುಮುರುಗು. 1997ರ ಡ್ರಾಫ್ಟ್‌ನಲ್ಲಿ ಮೂರನೆಯವರಾಗಿ ಬಾಸ್ಟನ್ ಇವರನ್ನು ಆರಿಸಿತು. ಮೊದಲ ಸೀಸನ್ ಮುಗಿಯುವ ಮೊದಲೇ ಟೊರಾಂಟೊಗೆ ಕೊಟ್ಟುಬಿಟ್ಟಿತು! ಆಮೇಲೆ ಡೆನ್ವರ್, ಆರ್ಲ್ಯಾಂಡೊ, ಮಿನೆಸೋಟ. ಐದು ವರ್ಷದಲ್ಲಿ ಐದು ತಂಡ. 2002ರಲ್ಲಿ ಡೆಟ್ರಾಯಿಟ್‌ಗೆ ಬಂದಾಗ, ಎಲ್ಲೂ ನೆಲೆ ನಿಲ್ಲದವನು ಎಂಬ ಹಣೆಪಟ್ಟಿ ಜೊತೆಗೇ ಬಂದಿತ್ತು.

ರಿಚರ್ಡ್ ಹ್ಯಾಮಿಲ್ಟನ್ ಅವರನ್ನು ವಾಷಿಂಗ್ಟನ್ ತಂಡ 2002ರಲ್ಲಿ ಜೆರಿ ಸ್ಟ್ಯಾಕ್‌ಹೌಸ್ ಎಂಬ ಹೆಚ್ಚು ಹೆಸರುವಾಸಿ ಆಟಗಾರನಿಗೆ ಬದಲಾಗಿ ಬಿಟ್ಟುಕೊಟ್ಟಿತು. 2004ರಲ್ಲಿ ಮೂಗು ಮುರಿದುಕೊಂಡು ಪಾರದರ್ಶಕ ಮುಖವಾಡ ಹಾಕಿಕೊಂಡರು. ಅದೇ ಆಮೇಲೆ ಇವರ ಗುರುತಾಯಿತು.

ಟೇಶಾನ್ ಪ್ರಿನ್ಸ್ 2002ರ ಡ್ರಾಫ್ಟ್‌ನಲ್ಲಿ 23ನೆಯವರು. ಕಡ್ಡಿಯಂಥ ಮೈ, ಎಲ್ಲಿಯವರೆಗೂ ಚಾಚಬಲ್ಲ ಉದ್ದ ತೋಳುಗಳು. 22 ಸರದಿಗಳು ಇವರನ್ನು ಬಿಟ್ಟು ಮುಂದೆ ಹೋಗಿದ್ದವು.

ಐದನೆಯವರು ರಶೀದ್ ವಾಲೇಸ್. ಬೆನ್ ಅವರಿಗೆ ನೆಂಟರಲ್ಲ, ಹೆಸರು ಮಾತ್ರ ಒಂದೇ. ಪ್ರತಿಭೆಗೆ ಕೊರತೆಯಿಲ್ಲ, ಹಿಂದೆ ಎರಡು ಸಲ ಆಲ್‌ಸ್ಟಾರ್ ಆದವರು. ಕೊರತೆ ಇದ್ದದ್ದು ತಾಳ್ಮೆಗೆ. 2000-01ರ ಒಂದೇ ಸೀಸನ್‌ನಲ್ಲಿ 41 ಟೆಕ್ನಿಕಲ್ ಫೌಲ್ ಹಾಕಿಸಿಕೊಂಡು ದಾಖಲೆ ಮಾಡಿದ ಮನುಷ್ಯ! 2004ರ ಫೆಬ್ರವರಿಯಲ್ಲಿ ಪೋರ್ಟ್‌ಲ್ಯಾಂಡ್ ಇವರನ್ನು ಅಟ್ಲಾಂಟಾಕ್ಕೆ ಕೊಟ್ಟಿತು. ಅಟ್ಲಾಂಟಾ ಒಂದೇ ಒಂದು ಪಂದ್ಯ ಆಡಿಸಿ, ಫೆಬ್ರವರಿ 19ರಂದು ಡೆಟ್ರಾಯಿಟ್‌ಗೆ ದಾಟಿಸಿತು. ಆಲ್‌ಸ್ಟಾರ್ ಪಂದ್ಯ ಮುಗಿದು ಆಗ ನಾಲ್ಕೇ ದಿನ.

ಇವರೆಲ್ಲರನ್ನೂ ಕೂಡಿಹಾಕಿದವರು ಜೋ ಡೂಮಾರ್ಸ್. ಸ್ವತಃ ಪಿಸ್ಟನ್ಸ್ ಆಟಗಾರರಾಗಿ 1989 ಮತ್ತು 1990ರಲ್ಲಿ ಚಾಂಪಿಯನ್ ಆದವರು. 2000ದಿಂದ ತಂಡ ಕಟ್ಟುವ ಹೊಣೆ ಹೊತ್ತಿದ್ದರು. ಕೋಚ್ ಲ್ಯಾರಿ ಬ್ರೌನ್, ಆಟ ಹೇಳಿಕೊಡುವುದರಲ್ಲಿ ಪಳಗಿದ ಮೇಷ್ಟ್ರು.

ಇಲ್ಲೊಂದು ಒಳಸುಳಿ ಇದೆ ಗಮನಿಸಿ. ಬ್ರೌನ್ ಬರುವ ಮೊದಲು ಎರಡು ವರ್ಷ ಪಿಸ್ಟನ್ಸ್ ಕೋಚ್ ಆಗಿದ್ದವರು ರಿಕ್ ಕಾರ್ಲೈಲ್. ಎರಡೂ ವರ್ಷ 50 ಪಂದ್ಯ ಗೆಲ್ಲಿಸಿದರು. ಆದರೂ 2003ರಲ್ಲಿ ನೆಟ್ಸ್ ಎದುರು ಸೋತ ಮೇಲೆ ಅವರನ್ನು ತೆಗೆದುಹಾಕಲಾಯಿತು. ಅವರು ಸೇರಿದ್ದು ಎಲ್ಲಿಗೆ? ಇಂಡಿಯಾನಾ ಪೇಸರ್ಸ್‌ಗೆ! ಅಂದರೆ 2004ರಲ್ಲಿ 61 ಪಂದ್ಯ ಗೆದ್ದ ಎದುರಾಳಿಯ ಕೋಚ್‌ಗೆ ಪಿಸ್ಟನ್ಸ್ ಅಡುಗೆಮನೆಯ ಡಬ್ಬಿ ಡಬ್ಬಿಯೂ ಗೊತ್ತಿತ್ತು.

ಯಾರಿಗೆ ಯಾರು ಎದುರು?

ಹಾಗಾದರೆ ಪಿಸ್ಟನ್ಸ್‌ಗೆ ಇದ್ದದ್ದೇನು? ಪಟ್ಟಿಯನ್ನು ಎರಡು ಥರ ಓದಬಹುದು ಮಿತ್ರರೇ. ಒಂದು, ಇವರಲ್ಲಿ ಯಾರು ದೊಡ್ಡವರು ಎಂದು ಕೇಳುವುದು. ಇನ್ನೊಂದು, ಅವರ ದೊಡ್ಡವನನ್ನು ನಮ್ಮಲ್ಲಿ ಯಾರು ತಡೆಯುತ್ತಾರೆ ಎಂದು ಕೇಳುವುದು. ಮೊದಲ ಪ್ರಶ್ನೆಗೆ ಡೆಟ್ರಾಯಿಟ್ ಬಳಿ ಉತ್ತರ ಇರಲಿಲ್ಲ. ಎರಡನೆಯ ಪ್ರಶ್ನೆಗೆ ಐದೂ ಜಾಗದಲ್ಲಿ ಉತ್ತರ ಇತ್ತು.

ಕಿಡ್ ಅವರಂಥ ಗಾರ್ಡ್‌ಗೆ ಮೈಕಟ್ಟಿನಲ್ಲೇ ಅಡ್ಡ ನಿಲ್ಲುವ ಬಿಲಪ್ಸ್. ಮಿಲ್ಲರ್‌ಗೆ ಇಡೀ ಪಂದ್ಯ ಓಡಿಯೇ ಸುಸ್ತು ಮಾಡಿಸುವ ಹ್ಯಾಮಿಲ್ಟನ್. ಜೆಫರ್ಸನ್, ಆರ್ಟೆಸ್ಟ್ ಮುಂದೆ ಪ್ರಿನ್ಸ್ ತೋಳುಗಳು. ಒನೀಲ್, ಮಾರ್ಟಿನ್ ಅವರಿಗೆ ಅವರಷ್ಟೇ ಎತ್ತರದ ರಶೀದ್. ಇವರೆಲ್ಲರನ್ನೂ ದಾಟಿ ಯಾರಾದರೂ ಒಳಗೆ ನುಗ್ಗಿದರೆ ಬುಟ್ಟಿಯ ಕೆಳಗೆ ಬೆನ್ ವಾಲೇಸ್. ಒಬ್ಬ ತಪ್ಪಿದರೆ ಇನ್ನೊಬ್ಬ ಅಲ್ಲಿರುತ್ತಾನೆ ಎಂಬ ನಂಬಿಕೆ. ಅದನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ, ಹೇಳಿ?

ರಶೀದ್ ಬಂದ ಮೇಲೆ ಆದದ್ದು ನೋಡಿ. ಎನ್‌ಬಿಎ ಪಂದ್ಯದಲ್ಲಿ ತಂಡವೊಂದು ಆ ಕಾಲದಲ್ಲೂ 90ರ ಆಸುಪಾಸು ಪಾಯಿಂಟ್ ಗಳಿಸುತ್ತಿತ್ತು. 2004ರ ಮಾರ್ಚ್‌ನಲ್ಲಿ ಪಿಸ್ಟನ್ಸ್ ಸಾಲಾಗಿ ಐದು ಎದುರಾಳಿಗಳನ್ನು 70ರ ಒಳಗೇ ಕಟ್ಟಿಹಾಕಿತು. ಆದರೂ ಪಟ್ಟಿ ಓದುವವರ ಬಾಯಲ್ಲಿ ಇಂಡಿಯಾನಾದ ಹೆಸರೇ.

ಪ್ಲೇಆಫ್ ಬಂತು. ಮೊದಲ ಸುತ್ತಿನಲ್ಲಿ ಮಿಲ್ವಾಕಿ ಬಕ್ಸ್ ಮೇಲೆ 4-1. ಎರಡನೆಯ ಸುತ್ತಿನಲ್ಲಿ ಹಳೆಯ ಸಾಲ, ನೆಟ್ಸ್! ಮೊದಲ ಪಂದ್ಯದಲ್ಲಿ ನೆಟ್ಸ್ ಗಳಿಸಿದ್ದು ಬರೀ 56. ಎರಡನೆಯದನ್ನೂ ಪಿಸ್ಟನ್ಸ್ ಗೆದ್ದಿತು. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ನೆಟ್ಸ್ ತನ್ನ ಊರಿನಲ್ಲಿ ಎರಡೂ ಪಂದ್ಯ ಗೆದ್ದು ಸಮ ಮಾಡಿತು. ಐದನೆಯ ಪಂದ್ಯದಲ್ಲಿ ಸಮಯ ಮುಗಿಯುವ ಕ್ಷಣಕ್ಕೆ ಬಿಲಪ್ಸ್ ಅಂಗಳದ ನಡುವಿನಿಂದಲೇ ಎಸೆದರು, ಚೆಂಡು ಬುಟ್ಟಿಗೆ ಬಿತ್ತು! ಆಟ ಮೂರು ಸಲ ಹೆಚ್ಚುವರಿ ಸಮಯಕ್ಕೆ ಹೋಯಿತು. ಆದರೂ 127-120ರಿಂದ ಗೆದ್ದದ್ದು ನೆಟ್ಸ್. ಅದೂ ಡೆಟ್ರಾಯಿಟ್ ಅಂಗಳದಲ್ಲಿ.

ಇಂಥ ಸೋಲು ಒಂದು ತಂಡವನ್ನು ಒಡೆಯಬಹುದು. ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸಲು ಶುರು ಮಾಡಬಹುದು. ಇವರು ಹೋಗಿ ಆರನೆಯ ಪಂದ್ಯವನ್ನು ನ್ಯೂಜೆರ್ಸಿಯಲ್ಲೇ 81-75ರಿಂದ ಗೆದ್ದರು. ಏಳನೆಯದರಲ್ಲಿ 90-69. ಮೊಣಕಾಲು ನೋವಿನಲ್ಲೇ ಆಡಿದ ಮಹಾನ್ ಆಟಗಾರ ಕಿಡ್ ಆ ದಿನ ಒಂದು ಪಾಯಿಂಟನ್ನೂ ಗಳಿಸಲಿಲ್ಲ.

ಇನ್ನುಳಿದದ್ದು ಪೇಸರ್ಸ್. ಮೊದಲ ಪಂದ್ಯ 78-74ರಿಂದ ಪೇಸರ್ಸ್‌ಗೆ. 2004ರ ಮೇ 24ರಂದು ಇಂಡಿಯಾನಾಪೊಲಿಸ್‌ನಲ್ಲಿ ಎರಡನೆಯದು. ಕೊನೆಯ ಅರ್ಧ ನಿಮಿಷದೊಳಗೆ ಪಿಸ್ಟನ್ಸ್ 69-67ರಿಂದ ಮುಂದಿದ್ದಾಗ ಬಿಲಪ್ಸ್ ಕೈಯಿಂದ ಚೆಂಡು ಜಾರಿತು. ಅದು ಸಿಕ್ಕಿದ್ದು ಮಿಲ್ಲರ್‌ಗೆ. ಎದುರಿಗೆ ಬುಟ್ಟಿ, ಅಡ್ಡ ಯಾರೂ ಇಲ್ಲ. 38ರ ಆ ಹಿರಿಯ ಮೆಲ್ಲಗೆ ಚೆಂಡನ್ನು ಮೇಲಕ್ಕೆ ಬಿಟ್ಟರು. ಸಮ ಆಯಿತು ಅಂತ ಇಡೀ ಊರು ಎದ್ದು ನಿಂತಿತು.

ಹಿಂದಿನಿಂದ ಪ್ರಿನ್ಸ್ ಓಡಿಬಂದರು. ಅರ್ಧ ಅಂಗಳಕ್ಕಿಂತ ಹೆಚ್ಚು ದೂರ. ಉದ್ದ ತೋಳು ಚಾಚಿ ಚೆಂಡನ್ನು ಗಾಳಿಯಲ್ಲೇ ತಟ್ಟಿ, ಅದೇ ರಭಸದಲ್ಲಿ ಪ್ರೇಕ್ಷಕರ ಮಧ್ಯೆ ಹೋಗಿ ಬಿದ್ದರು. ಚೆಂಡು ಹ್ಯಾಮಿಲ್ಟನ್ ಕೈ ಸೇರಿತು. ಪಿಸ್ಟನ್ಸ್ 72-67ರಿಂದ ಗೆದ್ದಿತು. ಆ ಪಂದ್ಯವೊಂದರಲ್ಲೇ ಪಿಸ್ಟನ್ಸ್ ತಡೆದ ಹೊಡೆತಗಳು 19!

ಪ್ರಿನ್ಸ್ ಓಡದೆ ನಿಂತಿದ್ದರೆ ಯಾರೂ ಬೈಯುತ್ತಿರಲಿಲ್ಲ. ತಪ್ಪು ಅವರದಲ್ಲವಲ್ಲ, ಬಿಲಪ್ಸ್ ಅವರದು. ಆದರೂ ಓಡಿದರು. ಆರನೆಯ ಪಂದ್ಯವನ್ನು 69-65ರಿಂದ ಗೆದ್ದು, ಪಿಸ್ಟನ್ಸ್ 4-2ರಿಂದ ಪೂರ್ವದ ವಿಜೇತರಾದರು. ಮನೆ ಗೆದ್ದಾಯಿತು.

ಫೈನಲ್‌ನಲ್ಲಿ ಎದುರು ಲಾಸ್ ಏಂಜಲೀಸ್ ಲೇಕರ್ಸ್. ಶಕೀಲ್ ಒನೀಲ್, ಕೋಬಿ ಬ್ರಯಾಂಟ್, ಜೊತೆಗೆ ಉಂಗುರದ ಆಸೆಗೆ ಕಡಿಮೆ ಸಂಬಳಕ್ಕೆ ಬಂದ ಕಾರ್ಲ್ ಮಲೋನ್ ಮತ್ತು ಗ್ಯಾರಿ ಪೇಟನ್. ಪಟ್ಟಿ ಅಂದರೆ ಇದು! ಫಲಿತಾಂಶ? ಪಿಸ್ಟನ್ಸ್ 4-1. ಮೂರನೆಯ ಪಂದ್ಯದಲ್ಲಿ ಲೇಕರ್ಸ್ ಗಳಿಸಿದ್ದು 68 ಮಾತ್ರ. 2004ರ ಜೂನ್ 15ರಂದು ಡೆಟ್ರಾಯಿಟ್ 14 ವರ್ಷಗಳ ಬಳಿಕ ಮತ್ತೆ ಚಾಂಪಿಯನ್ ಆಯಿತು. ಫೈನಲ್‌ನ ಅತ್ಯುತ್ತಮ ಆಟಗಾರ ಯಾರು? ಐದು ತಂಡ ಸುತ್ತಿ ಬಂದ ಬಿಲಪ್ಸ್.

ಕಥೆ ಇಲ್ಲಿಗೆ ಮುಗಿದಿದ್ದರೆ...

ಇಲ್ಲಿಗೇ ನಿಲ್ಲಿಸಿದ್ದರೆ ಒಗ್ಗಟ್ಟಿನಲ್ಲಿ ಬಲವಿದೆ ಎಂದು ನೀತಿ ಹೇಳಿ ಮಂಗಳ ಹಾಡಬಹುದಿತ್ತು. ಆದರೆ ಇತಿಹಾಸ ಅಷ್ಟು ಸಲೀಸಾಗಿ ಬಿಡುವುದಿಲ್ಲ. ಈಗ ಎರಡು ವರ್ಷ ಮುಂದೆ ಬನ್ನಿ.

2006ರ ಆಲ್‌ಸ್ಟಾರ್ ಪಟ್ಟಿ. ಪೂರ್ವದ 12ರಲ್ಲಿ ಪಿಸ್ಟನ್ಸ್‌ನವರು ನಾಲ್ಕು ಮಂದಿ! ಬಿಲಪ್ಸ್, ಹ್ಯಾಮಿಲ್ಟನ್, ಇಬ್ಬರೂ ವಾಲೇಸ್‌ಗಳು. ಆ ಸೀಸನ್‌ನಲ್ಲಿ 82ರಲ್ಲಿ 64 ಗೆಲುವು, ಇಡೀ ಎನ್‌ಬಿಎಗೆ ಮೊದಲು. ಅದೇ ಐವರು. ಈಗ ಪಟ್ಟಿಯೂ ಅವರ ಪರ. ಆದರೆ ಕಾನ್ಫರೆನ್ಸ್ ಫೈನಲ್‌ನಲ್ಲಿ 52 ಪಂದ್ಯ ಗೆದ್ದಿದ್ದ ಮಯಾಮಿ ಹೀಟ್ ಎದುರು 2-4ರಿಂದ ಸೋತರು. ಮಯಾಮಿಯಲ್ಲಿದ್ದವರು ಲೇಕರ್ಸ್ ಬಿಟ್ಟು ಬಂದ ಶಕೀಲ್ ಒನೀಲ್ ಮತ್ತು ಡ್ವೇಯ್ನ್ ವೇಡ್ ಎಂಬ ಯುವಕ. ಅವರ ದೊಡ್ಡವನನ್ನು ನಮ್ಮಲ್ಲಿ ಯಾರು ತಡೆಯುತ್ತಾರೆ? ವೇಡ್ ವಿಷಯದಲ್ಲಿ ಈ ಪ್ರಶ್ನೆಗೆ ನಾಲ್ಕು ಸ್ಟಾರ್‌ಗಳ ತಂಡದಲ್ಲಿ ಉತ್ತರ ಸಿಗಲಿಲ್ಲ.

ಎರಡು ವರ್ಷದಲ್ಲಿ ಬದಲಾದದ್ದೇನು? 2004ರ ಗೆಲುವಿನ ಬೆನ್ನಿಗೇ, ಬೆಂಚಿನಿಂದ ಬಂದು ಆಡುತ್ತಿದ್ದ ಟರ್ಕಿಯ ಮೆಹಮತ್ ಒಕುರ್ ಯೂಟಾ ತಂಡಕ್ಕೆ ಹೋದರು. 2005ರಲ್ಲಿ ಮೇಷ್ಟ್ರು ಬ್ರೌನ್ ಹೋದರು. 2004-05ರಿಂದ, ಹೊರ ಅಂಗಳದಲ್ಲಿ ಎದುರಾಳಿಯನ್ನು ಕೈಯಿಟ್ಟು ತಡೆಯುವುದನ್ನು ರೆಫರಿಗಳು ಬಿಗಿಯಾಗಿ ಹಿಡಿಯತೊಡಗಿದರು. ವೇಡ್ ಅವರಂಥ ನುಗ್ಗುವ ಆಟಗಾರರಿಗೆ ದಾರಿ ಸಲೀಸಾಯಿತು. ಹೆಸರುಗಳು ಅವೇ ಇದ್ದವು, ಸುತ್ತಲಿನ ಆಟ ಬೇರೆಯಾಗಿತ್ತು.

ನೋವಿನ ಸಂಗತಿ ಇನ್ನೊಂದಿದೆ. ಆ ವೇಡ್ ಪಿಸ್ಟನ್ಸ್‌ನವರೇ ಆಗಬಹುದಿತ್ತು! 2003ರ ಡ್ರಾಫ್ಟ್‌ನಲ್ಲಿ ಡೆಟ್ರಾಯಿಟ್‌ಗೆ ಎರಡನೆಯ ಸರದಿ ಸಿಕ್ಕಿತ್ತು. ಮೊದಲ ಸರದಿಯ ಕ್ಲೀವ್‌ಲ್ಯಾಂಡ್ ಲೆಬ್ರಾನ್ ಜೇಮ್ಸ್ ಅವರನ್ನು ಆರಿಸಿತು. ಆಮೇಲೆ ಡೆಟ್ರಾಯಿಟ್ ಕೂಗಿದ ಹೆಸರು ಡಾರ್ಕೊ ಮಿಲಿಸಿಚ್, ಸರ್ಬಿಯಾದ 18ರ ಹುಡುಗ, ಏಳಡಿ ಎತ್ತರ. ನಂತರದ ಮೂರು ಸರದಿಗಳಲ್ಲಿ ಬೇರೆ ತಂಡಗಳಿಗೆ ಸಿಕ್ಕವರು ಕಾರ್ಮೆಲೊ ಆಂಥನಿ, ಕ್ರಿಸ್ ಬಾಶ್, ಡ್ವೇಯ್ನ್ ವೇಡ್. ಮೂವರೂ ಮುಂದೆ ದೊಡ್ಡ ತಾರೆಗಳಾದರು. ಮಿಲಿಸಿಚ್ ಬೆಂಚಿನ ಮೇಲೇ ಕೂತು, 2006ರ ಫೆಬ್ರವರಿಯಲ್ಲಿ ಬೇರೆ ತಂಡಕ್ಕೆ ಹೋದರು.

ಡೂಮಾರ್ಸ್ ಅವರಂಥ ಜಾಣರು ಹೀಗೇಕೆ ಮಾಡಿದರು? ಅವರ ಪಟ್ಟಿಯಲ್ಲಿ ಹ್ಯಾಮಿಲ್ಟನ್ ಇದ್ದರು, ಪ್ರಿನ್ಸ್ ಇದ್ದರು. ಖಾಲಿ ಕಂಡದ್ದು ಎತ್ತರದ ಆಳಿನ ಜಾಗ. ಖಾಲಿ ಜಾಗ ತುಂಬಲು ಹೊರಟಾಗ, ಎದುರಿಗಿದ್ದ ಮನುಷ್ಯರು ಕಾಣಲಿಲ್ಲ. ಕೊನೆಗೆ ಆ ಜಾಗ ತುಂಬಿದವರು ಯಾರು? ಎಂಟು ತಿಂಗಳ ನಂತರ ಬಂದ, ಯಾರಿಗೂ ಬೇಡವಾದ ರಶೀದ್! ಬೇಡವಾದವರಲ್ಲಿ ಬೇಕಾದದ್ದನ್ನು ಕಂಡ ಕಣ್ಣೇ ಇಲ್ಲಿ ಮೋಸ ಹೋಯಿತು.

ಪಿಸ್ಟನ್ಸ್ 2003ರಿಂದ 2008ರವರೆಗೆ ಸತತ ಆರು ವರ್ಷ ಕಾನ್ಫರೆನ್ಸ್ ಫೈನಲ್ ಆಡಿತು. ಚಾಂಪಿಯನ್ ಆದದ್ದು ಒಂದೇ ಸಲ. ಅದೂ ಪಟ್ಟಿಯಲ್ಲಿ ಒಬ್ಬನೇ ಸ್ಟಾರ್ ಇದ್ದ ವರ್ಷ.

ಪೇಸರ್ಸ್‌ನವರದು ಇನ್ನೂ ಕಷ್ಟದ ಕಥೆ. 2004ರ ನವೆಂಬರ್ 19ರಂದು ಡೆಟ್ರಾಯಿಟ್ ಬಳಿಯ ಆಬರ್ನ್ ಹಿಲ್ಸ್ ಅಂಗಳದಲ್ಲಿ ಇದೇ ಎರಡು ತಂಡಗಳು ಆಡುತ್ತಿದ್ದವು. ಪೇಸರ್ಸ್ 97-82ರಿಂದ ಮುಂದಿತ್ತು, ಒಂದು ನಿಮಿಷವೂ ಉಳಿದಿರಲಿಲ್ಲ. ಆಗ ಆಟಗಾರರ ನಡುವೆ ಶುರುವಾದ ತಳ್ಳಾಟ ಪ್ರೇಕ್ಷಕರವರೆಗೂ ಹಬ್ಬಿ ದೊಡ್ಡ ಹೊಡೆದಾಟವಾಯಿತು. ಆರ್ಟೆಸ್ಟ್ ಸೀಸನ್‌ನ ಉಳಿದ ಅಷ್ಟೂ ಪಂದ್ಯಗಳಿಂದ ಅಮಾನತಾದರು. ಒನೀಲ್‌ಗೂ ಶಿಕ್ಷೆಯಾಯಿತು. ಕಾಗದದ ಮೇಲೆ ಪೂರ್ವದಲ್ಲೇ ಬಲಿಷ್ಠವಾಗಿದ್ದ ತಂಡ ಒಂದೇ ರಾತ್ರಿಯಲ್ಲಿ ಚೆದುರಿಹೋಯಿತು. ತಡೆಯಲು ಹೋದವರಲ್ಲೊಬ್ಬರು, ಅಂದು ಗಾಯದಿಂದಾಗಿ ಆಡದೆ ಸೂಟ್ ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದ ರೆಜಿ ಮಿಲ್ಲರ್.

ಕೊನೆಗೊಂದು ಚಪ್ಪಾಳೆ

ಆ ಮಿಲ್ಲರ್ ಕೊನೆಯ ಪಂದ್ಯ ಆಡಿದ್ದು 2005ರ ಮೇ 19ರಂದು. 18 ಸೀಸನ್, ಒಂದೇ ತಂಡ. ಎದುರಾಳಿ ಮತ್ತೆ ಪಿಸ್ಟನ್ಸ್. ವಯಸ್ಸು 39. ಆ ದಿನವೂ 27 ಪಾಯಿಂಟ್ ಹೊಡೆದರು, ಆದರೆ ಸರಣಿ ಪಿಸ್ಟನ್ಸ್ ಪಾಲಾಯಿತು. ಕೊನೆಯ ಕ್ಷಣಗಳಲ್ಲಿ ಮಿಲ್ಲರ್ ಅವರನ್ನು ಹೊರಗೆ ಕರೆದಾಗ ಊರಿನ ಜನವೆಲ್ಲ ಎದ್ದು ನಿಂತರು. ಆಗ ಪಿಸ್ಟನ್ಸ್ ಕೋಚ್ ಬ್ರೌನ್ ತಮಗೆ ಬೇಡದಿದ್ದರೂ ಇನ್ನೊಂದು ಟೈಮ್‌ಔಟ್ ಕೇಳಿದರು. ಯಾಕೆ ಗೊತ್ತೇ? ಚಪ್ಪಾಳೆ ಬೇಗ ನಿಲ್ಲದಿರಲಿ ಎಂದು. ಪಿಸ್ಟನ್ಸ್ ಆಟಗಾರರೂ ನಿಂತು ಚಪ್ಪಾಳೆ ತಟ್ಟಿದರು. ಬೇಡ ಎನಿಸಿಕೊಂಡು ಬಂದವರು, ಉಂಗುರ ಸಿಗದೆ ಹೊರಟವರಿಗೆ ಕೊಟ್ಟ ಮರ್ಯಾದೆ ಅದು.

ಮುಂದೆ ಬೆನ್ ವಾಲೇಸ್ 2021ರಲ್ಲಿ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದರು. 1996ರಲ್ಲಿ ಒಬ್ಬರೂ ಕೂಗದ ಹೆಸರು ಅದು! 2024ರಲ್ಲಿ ಬಿಲಪ್ಸ್ ಸರದಿ. ಆಬರ್ನ್ ಹಿಲ್ಸ್‌ನ ಆ ಒಳಾಂಗಣವನ್ನು 2020ರಲ್ಲಿ ಕೆಡವಿದರು. ಕಾರ್ಲೈಲ್ ಮತ್ತೆ ಪೇಸರ್ಸ್ ಕೋಚ್ ಆಗಿ ಬಂದು, 2025ರಲ್ಲಿ ತಂಡವನ್ನು ಎನ್‌ಬಿಎ ಫೈನಲ್‌ವರೆಗೂ ಒಯ್ದರು. ಏಳನೆಯ ಪಂದ್ಯದಲ್ಲಿ ಸೋತರು.

ಇಷ್ಟೆಲ್ಲ ಹೇಳಿ, ಪಟ್ಟಿಯೇ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಪ್ರತಿಭೆ ಇಲ್ಲದೆ ಗೆಲುವಿಲ್ಲ. ವೇಡ್ ಅವರನ್ನು ಬಿಟ್ಟುಕೊಟ್ಟವರಿಗೆ ಅದು ಚೆನ್ನಾಗಿ ಗೊತ್ತು. ಆದರೆ ಪಟ್ಟಿಯಲ್ಲಿರುವುದು ಒಬ್ಬೊಬ್ಬರ ನಿನ್ನೆ. ಪಕ್ಕದಲ್ಲಿ ಯಾರಿದ್ದಾರೆ, ಎದುರಿಗೆ ಯಾರಿದ್ದಾರೆ, ಪಕ್ಕದವನು ಚೆಂಡು ಬಿಟ್ಟರೆ ಯಾರು ಓಡುತ್ತಾರೆ ಎಂಬುದು ಅದರಲ್ಲಿ ಇರುವುದಿಲ್ಲ.

ನಾಳೆ ನಿಮ್ಮ ಮೇಜಿನ ಮೇಲೂ ಒಂದು ಪಟ್ಟಿ ಬರಬಹುದು. ಕೆಲಸಕ್ಕೆ ಬಂದ ಅರ್ಜಿಗಳಿರಬಹುದು, ಮಗಳಿಗೆ ನೋಡಿದ ಸಂಬಂಧಗಳಿರಬಹುದು, ಕನ್ನಡ ಸಂಘದ ಹೊಸ ಕಮಿಟಿಯ ಹೆಸರುಗಳಿರಬಹುದು. ಎಲ್ಲೂ ನೆಲೆ ನಿಲ್ಲದವನು, ಯಾರೂ ಕೂಗದವಳು ಅಂತ ಯಾವುದಾದರೂ ಹೆಸರಿಗೆ ಗೀಟು ಎಳೆಯುವ ಮೊದಲು ಒಂದು ಗಳಿಗೆ ಪೆನ್ ಕೆಳಗಿಡಿ. ಅರ್ಧ ಅಂಗಳ ಓಡಿ ಬಂದ ಪ್ರಿನ್ಸ್ ಅವರನ್ನು ನೆನೆಸಿಕೊಳ್ಳಿ.